ಪಿತೂರಿ ಸೋತಿತು, ಸುಳ್ಳು ಗೆದ್ದಿತು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ತುಘಲಕ್ ಎಂದರೆ ಎರಡೇ ಪ್ರಶ್ನೆ. ರಾಜಧಾನಿಯನ್ನು ದೆಹಲಿಯಿಂದ ಎಲ್ಲಿಗೆ ಬದಲಿಸಿದ? ದೌಲತಾಬಾದ್. ಯಾವ ನಾಣ್ಯ ತಂದು ಕೈಸುಟ್ಟುಕೊಂಡ? ತಾಮ್ರದ್ದು. ಟಿಕ್ ಹಾಕಿ ಮುಂದಕ್ಕೆ ಹೋಗುವುದು. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ನಾಟಕವನ್ನು ಕಡೂರಿನಲ್ಲಿ ಕಾಲೇಜು ಹುಡುಗರು ಆಡಿದಾಗ ನಾನು ಹೋಗಿದ್ದೂ ಆ ಎರಡು ಅಂಕದ ಆಸೆಗೇ.

ನಾನು ಅಜ್ಜಂಪುರದವನು. ಹೈದರ್, ಟಿಪ್ಪು ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ತಳಿಯ ದನಗಳು ಈಗಲೂ ನಮ್ಮೂರಿನ ಕೇಂದ್ರದಲ್ಲಿವೆ. ಹಾಗಾಗಿ ಯುದ್ಧ ಎಂದರೆ ಫಿರಂಗಿ, ಕತ್ತಿವರಸೆ ಎಂದೆಲ್ಲ ಕಾದೆ. ರಂಗದ ಮೇಲೆ ಯುದ್ಧ ಬರಲೇ ಇಲ್ಲ! ಐನ್-ಉಲ್-ಮುಲ್ಕ್ ಜತೆಗಿನ ಕದನ ಮಾತಿನಲ್ಲೇ ಮುಗಿಯಿತು. ಮೈ ಜುಮ್ಮೆಂದದ್ದು ಪಿತೂರಿಯ ದೃಶ್ಯಕ್ಕೆ.

ಪ್ರಾರ್ಥನೆಗೆ ಆಯುಧ ತರುವಂತಿಲ್ಲ. ಆದ್ದರಿಂದ ಪ್ರಾರ್ಥನೆಯ ಹೊತ್ತಿನಲ್ಲೇ ಸುಲ್ತಾನನನ್ನು ಮುಗಿಸಬೇಕೆಂದು ಶಿಹಾಬುದ್ದೀನನೂ ಅಮೀರರೂ ಹೊಂಚು ಹಾಕುತ್ತಾರೆ. ಸುಲ್ತಾನ ಮಂಡಿಯೂರುತ್ತಾನೆ, ಇವರು ಕಠಾರಿ ಹಿರಿದು ಏಳುತ್ತಾರೆ. ಅಷ್ಟರಲ್ಲಿ ಸಿಂಹಾಸನದ ಹಿಂದಿನಿಂದ ಈಟಿ ಹಿಡಿದ ಸೈನಿಕರು ನುಗ್ಗುತ್ತಾರೆ. (ಅವತ್ತು ಈಟಿ ಬಿದಿರಿನದು, ಸೈನಿಕರು ನಾಲ್ಕೇ ಜನ, ಆದರೂ ಯಾರೂ ನಗಲಿಲ್ಲ.) ತುಘಲಕ್ ಅಲುಗದೆ ಪ್ರಾರ್ಥನೆ ಮುಂದುವರಿಸುತ್ತಾನೆ. ಗುಟ್ಟು ಬಿಟ್ಟುಕೊಟ್ಟವನು ರತನಸಿಂಗ್, ಶಿಹಾಬುದ್ದೀನನ ಸಾಕು ಸಹೋದರ!

ಅಲ್ಲಿಗೇ ಮುಗಿದಿದ್ದರೆ ಮರೆಯುತ್ತಿದ್ದೆನೇನೊ. ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಕೊಂದ ಸುಲ್ತಾನ, ಇವನು ನನ್ನ ಪ್ರಾಣ ಉಳಿಸಲು ಹೋಗಿ ಸತ್ತನೆಂದು ಸಾರಿಸುತ್ತಾನೆ. ರಾಜಮರ್ಯಾದೆಯ ಅಂತ್ಯಕ್ರಿಯೆ ಬೇರೆ. ಕೊಂದದ್ದಕ್ಕಿಂತ ಇದೇ ನನ್ನನ್ನು ಕಾಡಿತು.

ಬೀರೂರಿನವರೆಗೆ ಬಸ್ಸಿನಲ್ಲಿ ಜತೆಗಿದ್ದ ತರೀಕೆರೆಯ ಗೆಳೆಯ, ‘ನಮ್ಮೂರ ಪಾಳೆಯಗಾರರ ಕಥೆ ಯಾರು ಬರೆದರೋ?’ ಅಂದ. 1830ರಲ್ಲಿ ನಗರದ ಕಡೆ ರೈತರು ಬಂಡೆದ್ದಾಗ ತರೀಕೆರೆಯ ಪಾಳೆಯಗಾರರೂ ಕೈಜೋಡಿಸಿದ್ದರು. ಬಂಡಾಯ ಅಡಗಿತು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನೇ ಕಿತ್ತುಕೊಂಡರು; ಮರಳಿ ಕೊಟ್ಟದ್ದು 1881ರಲ್ಲಿ. ಇಷ್ಟಕ್ಕೂ ನನ್ನ ಗೈಡಿನಲ್ಲಿರುವುದು ಒಂದೇ ಪದ: ದುರಾಡಳಿತ. ಗೆದ್ದವರು ಬರೆಸಿದ ಪದ. ಹಾಗೆಂದು ಪಾಳೆಯಗಾರರು ಪ್ರಜೆಗಳಿಗಾಗಿಯೇ ಎದ್ದರು ಎನ್ನಲಾರೆ. ಕಳೆದುಹೋದ ಪಾಳೆಯದ ಆಸೆಯೂ ಇದ್ದಿರಬೇಕು.

ಈ ಭಾನುವಾರ ಇಬ್ಬರೂ ಹಳೆಯ ಗೆಜೆಟಿಯರ್ ಹುಡುಕಿಕೊಂಡು ತರೀಕೆರೆಯ ಗ್ರಂಥಾಲಯಕ್ಕೆ ಹೊರಟಿದ್ದೇವೆ. ಅದರಿಂದ ಒಂದಂಕವೂ ಬರುವುದಿಲ್ಲ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದಾನೆ.