ಮುಖಗವಸು: ಯಾವುದನ್ನು ತೊಳೆಯಬೇಕು, ಯಾವುದನ್ನು ತೊಳೆಯಬಾರದು?

ಕೋವಿಡ್-19 ಕುರಿತ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಮುಖಗವಸುಗಳು ಮಾತ್ರ ನಮ್ಮ ಮನೆಗಳಲ್ಲಿ ಉಳಿದುಕೊಂಡಿವೆ. ಬಾಗಿಲ ಹಿಂದಿನ ಮೊಳೆಗೆ ಒಂದು, ಸ್ಕೂಟರಿನ ಡಿಕ್ಕಿಯಲ್ಲಿ ಒಂದು, ಪ್ಯಾಂಟಿನ ಜೇಬಿನಲ್ಲಿ ಮುದ್ದೆಯಾಗಿ ಇನ್ನೊಂದು. ಅಟ್ಟದ ಧೂಳು ಹೊಡೆಯುವಾಗ, ಕಣದಲ್ಲಿ ಒಕ್ಕಣೆ ನಡೆಯುವಾಗ, ಮನೆಯಲ್ಲಿ ಯಾರಿಗಾದರೂ ಕೆಮ್ಮು ನೆಗಡಿ ಬಂದಾಗ ಇವುಗಳ ನೆನಪಾಗುತ್ತದೆ. ಆಗ ಕೈಗೆ ಸಿಕ್ಕಿದ ಗವಸು ತೊಳೆದದ್ದೋ, ತೊಟ್ಟು ಬಿಸಾಡಿದ್ದೋ ಯಾರಿಗೂ ಗೊತ್ತಿರುವುದಿಲ್ಲ.

ಇದು ಬರಿಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ವಿಯೆಟ್ನಾಮಿನ ಹನೋಯ್ ನಗರದ 14 ಆಸ್ಪತ್ರೆಗಳಲ್ಲಿ ಬಟ್ಟೆಯ ಗವಸುಗಳನ್ನು ಕುರಿತ ದೊಡ್ಡದೊಂದು ಪರೀಕ್ಷೆ ನಡೆದು, ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಸಿಬ್ಬಂದಿಗೆ ತಲಾ ಐದು ಬಟ್ಟೆಯ ಗವಸುಗಳನ್ನು ಕೊಟ್ಟಿದ್ದರು. ದಿನವೂ ತೊಳೆಯಲು ಹೇಳಿದ್ದರು. 2020ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ ಕುತೂಹಲದ ಸಂಗತಿಯೊಂದು ಹೊರಬಿತ್ತು. ಗವಸನ್ನು ಸ್ವತಃ ಕೈಯಲ್ಲಿ ತೊಳೆದುಕೊಂಡವರಿಗೆ, ಆಸ್ಪತ್ರೆಯ ಅಗಸಾಲೆಯಲ್ಲಿ ಬಿಸಿನೀರಿನಲ್ಲಿ ತೊಳೆಸಿದವರಿಗಿಂತ ಸೋಂಕು ತಗಲುವ ಸಂಭವ ಸುಮಾರು ಎರಡು ಪಟ್ಟು ಇತ್ತು. ಗವಸು ಅದೇ, ಬಟ್ಟೆ ಅದೇ. ವ್ಯತ್ಯಾಸ ಇದ್ದದ್ದು ಒಗೆತದಲ್ಲಿ.

ಹಾಗಾದರೆ ಎಲ್ಲ ಗವಸನ್ನೂ ಕುದಿಸಿ ಒಗೆದರೆ ಆಯಿತೆ? ಇಲ್ಲ. ಕೆಲವನ್ನು ಹಾಗೆ ಮಾಡಿದರೆ ಅವು ಕೆಟ್ಟೇ ಹೋಗುತ್ತವೆ. ಯಾವುದಕ್ಕೆ ಯಾವ ಆರೈಕೆ ಎಂದು ತಿಳಿಯಲು ಮೊದಲು ಗವಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಗವಸು ಜರಡಿಯಲ್ಲ

ರಂಧ್ರಕ್ಕಿಂತ ದೊಡ್ಡ ಕಣವನ್ನು ತಡೆಯುವುದು, ಚಿಕ್ಕದನ್ನು ಬಿಡುವುದು ಜರಡಿಯ ಕೆಲಸ. ಗವಸೂ ಹಾಗೆಯೇ ಎಂದು ಬಹುಪಾಲು ವಿದ್ಯಾರ್ಥಿಗಳು ಭಾವಿಸುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. ಒಳ್ಳೆಯ ಹತ್ತಿಬಟ್ಟೆಯಲ್ಲೂ ಎಳೆಗಳ ನಡುವಿನ ತೆರಪು ಸುಮಾರು 100 ಮೈಕ್ರೋಮೀಟರ್ ಇರಬಹುದು. ನಾವು ತಡೆಯಬೇಕೆಂದಿರುವ ಕಣ 0.3 ಮೈಕ್ರೋಮೀಟರ್ ಎಂದಿಟ್ಟುಕೊಳ್ಳಿ. ತೆರಪು ಕಣಕ್ಕಿಂತ ಮುನ್ನೂರು ಪಟ್ಟಿಗೂ ಹೆಚ್ಚು ದೊಡ್ಡದು. ಎರಡು ಮಿಲಿಮೀಟರಿನ ಸಾಸಿವೆ ಕಾಳಿಗೆ ಎರಡಡಿ ಅಗಲದ ಬಾಗಿಲು ತೆರೆದಂತೆ! ಜರಡಿಯೇ ಆಗಿದ್ದರೆ ಗವಸಿನಿಂದ ಏನೂ ಪ್ರಯೋಜನವಿರುತ್ತಿರಲಿಲ್ಲ.

ಆದರೆ ಗಾಳಿ ನೇರವಾಗಿ ಹೋಗುವುದಿಲ್ಲ. ಎಳೆ ಅಡ್ಡ ಬಂದಲ್ಲಿ ಅದು ಬಳಸಿಕೊಂಡು ಸಾಗುತ್ತದೆ. ಒಂದು ಮೈಕ್ರೋಮೀಟರಿಗಿಂತ ದೊಡ್ಡ, ಭಾರದ ಕಣಗಳಿಗೆ ಜಡತ್ವ ಹೆಚ್ಚು. ಗಾಳಿಯೊಡನೆ ತಿರುಗಲಾರದೆ ಎಳೆಗೆ ಬಡಿದು ಅಂಟಿಕೊಳ್ಳುತ್ತವೆ. ತಿರುವಿನಲ್ಲಿ ವೇಗವಾಗಿ ಬಂದ ಬಸ್ಸು ರಸ್ತೆ ಬಿಟ್ಟು ಹೊರಗೆ ಹೋದಂತೆ. 0.1 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳ ಕಥೆ ಬೇರೆ. ಗಾಳಿಯ ಅಣುಗಳ ತಾಡನದಿಂದ ಅವು ಅತ್ತಿತ್ತ ಅಂಡಲೆಯುತ್ತವೆ. 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ಬ್ರೌನಿಯನ್ ಚಲನೆ ಇದೇ. ಹಾಗೆ ಅಲೆಯುತ್ತ ಎಳೆಯನ್ನು ತಾಕುತ್ತವೆ. ಹೀಗೆ ದೊಡ್ಡವೂ ಸಿಕ್ಕಿಬೀಳುತ್ತವೆ, ತೀರ ಚಿಕ್ಕವೂ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಳ್ಳುವುದು ನಡುವಿನವು, ಸುಮಾರು 0.3 ಮೈಕ್ರೋಮೀಟರಿನವು. ಎನ್-95 ಗವಸುಗಳನ್ನು ಈ ಗಾತ್ರದ ಕಣಗಳಿಂದಲೇ ಪರೀಕ್ಷಿಸಿ, ಶೇ. 95ರಷ್ಟನ್ನು ತಡೆಯಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ.

ಪದರಗಳ ಮಹತ್ವವೂ ಇಲ್ಲಿ ತಿಳಿಯುತ್ತದೆ. ಒಂದು ಪದರ ನೂರಕ್ಕೆ 70 ಕಣಗಳನ್ನು ಬಿಡುತ್ತದೆ ಎನ್ನಿ. ಮೂರು ಪದರಗಳು 0.7 × 0.7 × 0.7, ಅಂದರೆ ಸುಮಾರು 34ನ್ನು ಮಾತ್ರ ಬಿಡುತ್ತವೆ. ಕೆಮ್ಮಿದಾಗ ಹೊಮ್ಮುವ ಹನಿಗಳ ವಿಷಯದಲ್ಲಿ ಇನ್ನೂ ಒಂದು ಅಂಶವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಮತ್ತು ಸಂಗಡಿಗರು 2021ರಲ್ಲಿ ತೋರಿಸಿದಂತೆ, ವೇಗವಾಗಿ ಬಂದ ಹನಿ ಒಂದೇ ಪದರಕ್ಕೆ ಬಡಿದಾಗ ಒಡೆದು ಅನೇಕ ಕಿರುಹನಿಗಳಾಗಿ ಆಚೆಗೆ ಹಾಯಬಹುದು. ಮೂರು ಪದರಗಳಿದ್ದಲ್ಲಿ ಹೀಗೆ ಹಾಯ್ದದ್ದು ತೀರ ನಗಣ್ಯ.

ಎಳೆಯಲ್ಲಿ ಹುದುಗಿದ ವಿದ್ಯುತ್ತು

ಎನ್-95 ಗವಸನ್ನು ಬಟ್ಟೆಯಿಂದ ಬೇರ್ಪಡಿಸುವುದು ಅದರ ನಡುವಿನ ಪದರ. ಕರಗಿದ ಪಾಲಿಪ್ರೊಪಿಲೀನನ್ನು ಬಿಸಿಗಾಳಿಯ ರಭಸದಲ್ಲಿ ಎಳೆದು, ಕೆಲವೇ ಮೈಕ್ರೋಮೀಟರ್ ದಪ್ಪದ ನೂಲುಗಳಾಗಿ ಹರಡಿ ಅದನ್ನು ಮಾಡುತ್ತಾರೆ. ಅಷ್ಟರಿಂದಲೇ ಶೇ. 95 ಸಾಧಿಸಬೇಕಾದರೆ ಪದರ ದಪ್ಪವಾಗಿ ಉಸಿರಾಡುವುದೇ ಕಷ್ಟವಾದೀತು. ಆದ್ದರಿಂದ ನೂಲಿಗೆ ವಿದ್ಯುದಾವೇಶ ಕೊಡುತ್ತಾರೆ. ಪಾಲಿಪ್ರೊಪಿಲೀನ್ ಒಳ್ಳೆಯ ಅವಾಹಕ. ಕೊಟ್ಟ ಆವೇಶ ಅದರಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಕಾಂತತ್ವವನ್ನು ಹಿಡಿದಿಡುವ ಮ್ಯಾಗ್ನೆಟ್ ಇದ್ದಂತೆ ಆವೇಶವನ್ನು ಹಿಡಿದಿಡುವ ಇಂಥ ವಸ್ತುವಿಗೆ ಎಲೆಕ್ಟ್ರೆಟ್ ಎಂದು ಹೆಸರು. ಹೆಸರನ್ನು ಕೊಟ್ಟವನು ಹತ್ತೊಂಬತ್ತನೆಯ ಶತಮಾನದ ಆಲಿವರ್ ಹೆವಿಸೈಡ್. ಗವಸಿಗೆ ಬೇಕಾದ ನೂಲಿಗೆ ಆವೇಶ ಕೊಡುವ ವಿಧಾನಗಳನ್ನು ಬೆಳೆಸಿದವರಲ್ಲಿ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಪೀಟರ್ ತ್ಸಾಯ್ ಪ್ರಮುಖರು. ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆದಂತೆ ಈ ನೂಲು ಹತ್ತಿರ ಬಂದ ಕಣವನ್ನು ಎಳೆದುಕೊಳ್ಳುತ್ತದೆ.

ಇನ್ನು ಇದನ್ನು ಸಾಬೂನು ನೀರಿನಲ್ಲಿ ಅದ್ದಿದರೆ? ಬರಿಯ ನೀರು ಪಾಲಿಪ್ರೊಪಿಲೀನಿಗೆ ಅಂಟದೆ ಜಾರುತ್ತದೆ. ಸಾಬೂನು, ಮಾರ್ಜಕ, ಆಲ್ಕೊಹಾಲುಗಳು ಬೆರೆತಾಗ ದ್ರವ ನೂಲಿನ ಮೈಗೆಲ್ಲ ಹರಡುತ್ತದೆ, ಆವೇಶ ಅಳಿಯುತ್ತದೆ. ಗವಸು ನೋಡಲು ಹಾಗೆಯೇ ಇರುತ್ತದೆ, ಬೆಳ್ಳಗೆ, ಸುಕ್ಕಿಲ್ಲದೆ. ಅಪಾಯ ಇರುವುದು ಅಲ್ಲಿಯೇ. 2020ರಲ್ಲಿ ಯೀ ಕುಯ್, ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಸ್ಟೀವನ್ ಚು ಮತ್ತು ಸಂಗಡಿಗರು ಇಂಥ ಪದರವನ್ನು ಶೇ. 75ರ ಆಲ್ಕೊಹಾಲಿನಿಂದ ತೋಯಿಸಿ ಒಣಗಿಸಿ ನೋಡಿದರು. ಸುಮಾರು ಶೇ. 96ರಷ್ಟಿದ್ದ ದಕ್ಷತೆ ಒಮ್ಮೆಗೇ ಸುಮಾರು 56ಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಎಷ್ಟೋ ಜನ ಎನ್-95 ಗವಸಿಗೆ ದಿನವೂ ಸ್ಯಾನಿಟೈಸರ್ ಸಿಂಪಡಿಸುತ್ತಿದ್ದರು. ದುಡ್ಡು ಕೊಟ್ಟು ತಂದ ಆವೇಶವನ್ನು ದುಡ್ಡು ಕೊಟ್ಟೇ ತೊಳೆಯುತ್ತಿದ್ದರು ಎನ್ನಬೇಕು. ಅದೇ ಪ್ರಯೋಗದಲ್ಲಿ 85 ಡಿಗ್ರಿ ಸೆಲ್ಸಿಯಸ್‌ವರೆಗಿನ ಕಡಿಮೆ ತೇವದ ಶಾಖವನ್ನು ಈ ಪದರ 50 ಬಾರಿ ತಾಳಿಕೊಂಡಿತು. ಹಬೆಯನ್ನು ಅಷ್ಟು ಬಾರಿ ತಾಳಲಿಲ್ಲ.

ಆದ್ದರಿಂದ ಎನ್-95 ಮತ್ತು ತೆಳುನೀಲಿ ಬಣ್ಣದ ಶಸ್ತ್ರಚಿಕಿತ್ಸೆಯ ಗವಸು, ಇವೆರಡನ್ನೂ ನೀರಿಗೆ ಹಾಕಬಾರದು. ಎನ್-95 ಸಾಲದಿದ್ದ 2020ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸೂಚಿಸಿದ ಉಪಾಯವೊಂದು ಮನೆಗೂ ಹೊಂದುತ್ತದೆ: ಐದು ಗವಸು, ಐದು ಕಾಗದದ ಚೀಲ. ಇಂದು ಬಳಸಿದ್ದು ಚೀಲದಲ್ಲಿ ಐದು ದಿನ ವಿಶ್ರಮಿಸುತ್ತದೆ. ಅಷ್ಟರಲ್ಲಿ ತೇವ ಆರುತ್ತದೆ, ಮೇಲೆ ಕುಳಿತ ವೈರಸ್ಸುಗಳ ಬಹುಪಾಲು ನಿಷ್ಕ್ರಿಯವಾಗುತ್ತದೆ. ಬಹುಪಾಲು ಎಂದೆ, ಪೂರ್ತಿ ಅಲ್ಲ. 2020ರ ಹಾಂಗ್‌ಕಾಂಗ್ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಯ ಗವಸಿನ ಹೊರಮೈಯಲ್ಲಿ ಏಳನೆಯ ದಿನವೂ ಅತ್ಯಲ್ಪ ಪ್ರಮಾಣದ ಜೀವಂತ ವೈರಸ್ ಸಿಕ್ಕಿತ್ತು. ಬಟ್ಟೆಯ ಮೇಲೆ ಎರಡನೆಯ ದಿನಕ್ಕೇ ಇರಲಿಲ್ಲ. ಹಳೆಯ ಗವಸನ್ನು ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಬಿಡಬಾರದು.

ಬಟ್ಟೆಯ ಗವಸಿನ ಆಯುಸ್ಸು

ಹತ್ತಿಬಟ್ಟೆಗೆ ಕಳೆದುಕೊಳ್ಳಲು ಇಂಥ ಆವೇಶವಿಲ್ಲ. ಅದು ಮಾಡುವುದೆಲ್ಲ ಎಳೆಗಳ ಬಲದಿಂದ. ಎಳೆಗಳು ಇದ್ದಲ್ಲಿ ಇರುವವರೆಗೆ ಅದನ್ನು ಧಾರಾಳವಾಗಿ ತೊಳೆಯಬಹುದು. ಆದರೆ ಎಷ್ಟು ಸಲ? ಇಲ್ಲಿ ಎರಡು ಅಧ್ಯಯನಗಳು ಎದುರುಬದುರಾಗಿ ನಿಂತಂತೆ ಕಾಣುತ್ತವೆ. ನೇಪಾಳದ ವಿಜ್ಞಾನಿಗಳು ಪೇಟೆಯ ಬಟ್ಟೆಗವಸುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದರು: ರಂಧ್ರಗಳು 80ರಿಂದ 500 ಮೈಕ್ರೋಮೀಟರ್, ನಾಲ್ಕು ಬಾರಿ ತೊಳೆದು ಒಣಗಿಸುವಷ್ಟರಲ್ಲಿ ದಕ್ಷತೆ ಶೇ. 20ರಷ್ಟು ಕುಸಿತ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2021ರಲ್ಲಿ ಹತ್ತಿಬಟ್ಟೆಯನ್ನು 52 ಬಾರಿ, ಅಂದರೆ ವಾರಕ್ಕೊಮ್ಮೆಯಂತೆ ವರ್ಷವಿಡೀ ಒಗೆದಷ್ಟು ಸಲ, ತೊಳೆದು ಒಣಗಿಸಿದರು. ನಾರುಗಳು ಸವೆಯತೊಡಗಿದ್ದವು, ಉಸಿರಾಟಕ್ಕೆ ಅಡ್ಡಿ ತುಸು ಹೆಚ್ಚಿತ್ತು; ಸೋಸುವ ದಕ್ಷತೆ ಮಾತ್ರ ಇಳಿದಿರಲಿಲ್ಲ.

ಎರಡೂ ನಿಜವೇ. ಹಿಗ್ಗುವ ಬಟ್ಟೆಯಲ್ಲಿ ಪ್ರತಿ ಹಿಂಡುವಿಕೆಯೂ ರಂಧ್ರಗಳನ್ನು ಅಗಲಿಸುತ್ತದೆ. ನೇಪಾಳದವರು ಬಟ್ಟೆಯನ್ನು ಎಳೆದಾಗ ರಂಧ್ರದ ಆಕಾರ ಬದಲಾಗುವುದನ್ನೂ ಕಂಡಿದ್ದರು. ಹಾಸು ಹೊಕ್ಕು ಬಿಗಿಯಾಗಿರುವ ಹತ್ತಿಬಟ್ಟೆ ಅಷ್ಟು ಸುಲಭವಾಗಿ ಸಡಿಲುವುದಿಲ್ಲ. ಹೆಣೆದ ಬನಿಯನ್ ಬಟ್ಟೆಯ ಗವಸಿಗಿಂತ ಹಳೆಯ ಪಂಚೆಯೋ ಕಾಟನ್ ಸೀರೆಯ ಸೆರಗೋ ಮೂರು ಪದರವಾಗಿ ಹೊಲಿದದ್ದು ಮೇಲು ಎಂದು ನಾನು ಹೇಳುವುದು ಇದರಿಂದ. ಯಾವುದೇ ಆಗಲಿ, ಒಗೆಯುವ ಕಲ್ಲಿಗೆ ಬಡಿಯುವುದು, ತಿರುಚಿ ಹಿಂಡುವುದು ಬೇಡ. ಅಂಗೈಗಳ ನಡುವೆ ಒತ್ತಿ ನೀರು ತೆಗೆದರೆ ಸಾಕು.

ಎಳೆಗಳು ಸಡಿಲಿವೆಯೇ ಎಂದು ಶಾಲೆಯಲ್ಲೇ ಪರೀಕ್ಷಿಸಬಹುದು. ಗವಸಿಗೆ ಬಳಸಿದ ಬಟ್ಟೆಯ ಒಂದೇ ಪದರದ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ಇಪ್ಪತ್ತು ಸಲ ಒಗೆದು ಒಣಗಿಸಿ. ಕತ್ತಲ ಕೋಣೆಯಲ್ಲಿ ಕೆಂಪು ಲೇಸರ್ ಪಾಯಿಂಟರಿನ ಕಿರಣವನ್ನು ಬಟ್ಟೆಯ ಮೂಲಕ 4 ಮೀಟರ್ ದೂರದ ಗೋಡೆಗೆ ಹಾಯಿಸಿ. (ಕಿರಣ ಯಾರ ಕಣ್ಣಿಗೂ ಬೀಳದಂತೆ ಉಪಾಧ್ಯಾಯರು ನಿಗಾ ವಹಿಸಬೇಕು.) ಗೋಡೆಯ ಮೇಲೆ ಅಡ್ಡಲಾಗಿ ಉದ್ದಲಾಗಿ ಚುಕ್ಕಿಗಳ ಸಾಲು ಮೂಡುತ್ತದೆ. ಇದು ವಿವರ್ತನೆ. ಎಳೆಯಿಂದ ಎಳೆಗೆ ಇರುವ ಅಂತರ = ತರಂಗಾಂತರ × ಗೋಡೆಯ ದೂರ ÷ ಚುಕ್ಕಿಗಳ ಅಂತರ. ತರಂಗಾಂತರ 650 ನ್ಯಾನೋಮೀಟರ್, ಚುಕ್ಕಿಗಳ ಅಂತರ 10.4 ಮಿಲಿಮೀಟರ್ ಆದರೆ ಎಳೆಗಳ ಅಂತರ 250 ಮೈಕ್ರೋಮೀಟರ್, ಅಂದರೆ ಅಂಗುಲಕ್ಕೆ ಸುಮಾರು ನೂರು ಎಳೆ. ಎಳೆಗಳು ದೂರ ಸರಿದಷ್ಟೂ ಚುಕ್ಕಿಗಳು ಹತ್ತಿರ ಬರುತ್ತವೆ. ಹೊಸ ಹತ್ತಿ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಚುಕ್ಕಿಗಳು ದೂರ ಸರಿದರೂ ಅಚ್ಚರಿಪಡಬೇಡಿ!

ಬಿಸಿ, ಸಾಬೂನು, ಮಳೆಗಾಲ

ಸಾಬೂನಿನ ಅಣುವಿನ ಒಂದು ತುದಿ ಜಿಡ್ಡನ್ನು ಬಯಸುತ್ತದೆ. ಕೊರೊನಾದಂಥ ವೈರಸ್ಸುಗಳ ಹೊರಕವಚ ಜಿಡ್ಡಿನದೇ ಆದ್ದರಿಂದ ಅದು ಒಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೊಮ್ಮೆಯಾದರೂ ಸಾಬೂನು ಮತ್ತು ಸಾಧ್ಯವಾದರೆ 60 ಡಿಗ್ರಿ ಸೆಲ್ಸಿಯಸ್ಸಿನ ನೀರು. ಹಂಡೆಯ ನೀರು ಕೈ ಸುಡುವಷ್ಟು ಕಾದಾಗ ಸರಿಸುಮಾರು ಇಷ್ಟಿರುತ್ತದೆ. ಕೋಲಿನಿಂದ ಆಡಿಸಿ, ಕೈ ಹಾಕಬೇಡಿ.

ನಮ್ಮ ದೇಶದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2020ರ ಮಾರ್ಚ್ ಕೊನೆಯಲ್ಲಿ ಮನೆಗವಸುಗಳ ಕೈಪಿಡಿಯೊಂದನ್ನು ಹೊರತಂದಿತು. ಅದು ಹೇಳಿದ್ದು: ತೊಳೆದ ಮೇಲೆ ಕಡು ಬಿಸಿಲಿನಲ್ಲಿ ಐದು ಗಂಟೆ ಒಣಗಿಸಿ. ಬಯಲುಸೀಮೆಯಲ್ಲಿ ಇದು ಸುಲಭ. ಜುಲೈ ತಿಂಗಳ ಆಗುಂಬೆಯಲ್ಲೋ ಉಡುಪಿಯಲ್ಲೋ ಐದು ಗಂಟೆಯ ಬಿಸಿಲು ಎಲ್ಲಿಂದ ಬರಬೇಕು? ಅದೇ ಕೈಪಿಡಿ ಪರ್ಯಾಯವನ್ನೂ ಕೊಟ್ಟಿತ್ತು. ಪ್ರೆಶರ್ ಕುಕ್ಕರಿನ ನೀರಿನಲ್ಲಿ 10 ನಿಮಿಷ, ಇಲ್ಲವೇ ತೆರೆದ ಪಾತ್ರೆಯಲ್ಲಿ 15 ನಿಮಿಷ ಕುದಿಸುವುದು. ಕುಕ್ಕರಿನೊಳಗೆ ಒತ್ತಡ ಹೆಚ್ಚಿ ಉಷ್ಣತೆ 120 ಡಿಗ್ರಿಯ ಹತ್ತಿರ ಹೋಗುತ್ತದೆ. ನೀರಿಗೆ ಉಪ್ಪು ಹಾಕಬೇಕೆಂದೂ ಅದರಲ್ಲಿತ್ತು. ಕುದಿಬಿಂದು ಏರಿಸಲು ಎಂದು ನಿಮ್ಮ ವಿದ್ಯಾರ್ಥಿ ಉತ್ತರಿಸಿದರೆ ಲೆಕ್ಕ ಮಾಡಿಸಿ: ಲೀಟರಿಗೆ ಒಂದು ಚಮಚ, ಅಂದರೆ ಸುಮಾರು 6 ಗ್ರಾಂ ಉಪ್ಪಿನಿಂದ ಏರುವುದು ಡಿಗ್ರಿಯ ಹತ್ತನೆಯ ಒಂದು ಭಾಗ ಮಾತ್ರ.

ಕುದಿಸಿದರೂ ಒಣಗಿಸಲೇಬೇಕು. ಒದ್ದೆ ಗವಸು ಏಕೆ ಬೇಡ? ತೆರಪಿನಲ್ಲಿ ನೀರು ನಿಂತರೆ ಅದನ್ನು ಮೇಲ್ಮೈ ಎಳೆತ ಹಿಡಿದಿಡುತ್ತದೆ. 100 ಮೈಕ್ರೋಮೀಟರ್ ವ್ಯಾಸದ ರಂಧ್ರದಿಂದ ನೀರನ್ನು ಹೊರದೂಡಲು 4 × 0.07 ÷ 0.0001, ಅಂದರೆ 2800 ಪಾಸ್ಕಲ್ ಒತ್ತಡ ಬೇಕು. ಎನ್-95 ಗವಸಿನಲ್ಲಿ ಉಸಿರೆಳೆಯುವಾಗ ಅನುಮತಿಸಿರುವ ಗರಿಷ್ಠ ಒತ್ತಡ ವ್ಯತ್ಯಾಸವೇ 343 ಪಾಸ್ಕಲ್. ಹೀಗಾಗಿ ಉಸಿರು ಒದ್ದೆ ಬಟ್ಟೆಯ ಮೂಲಕ ಹೋಗದೆ ಕೆನ್ನೆಯ, ಮೂಗಿನ ಪಕ್ಕದ ಸಂದಿಯಿಂದ ಸೋಸದೆಯೇ ನುಗ್ಗುತ್ತದೆ. ಸಮಾಂತರ ಜೋಡಣೆಯಲ್ಲಿ ರೋಧ ಕಡಿಮೆಯಿರುವ ಕವಲಿನಲ್ಲೇ ಹೆಚ್ಚು ವಿದ್ಯುತ್ತು ಹರಿದಂತೆ. ಕರವಸ್ತ್ರವನ್ನು ಬಾಯಿಗೆ ಹಿಡಿದು ಕಾಗದದ ಪಟ್ಟಿಯೊಂದರ ಕಡೆಗೆ ಮೆಲ್ಲಗೆ ಊದಿ. ಬಳಿಕ ನೆನೆಸಿ ಊದಿ. ವ್ಯತ್ಯಾಸ ಕಾಣುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಆರಿಸಿ, ಇಸ್ತ್ರಿ ಹಾಕಿದರೆ ಹತ್ತಿ ಪೂರ್ತಿ ಒಣಗುತ್ತದೆ. ಪಾಲಿಪ್ರೊಪಿಲೀನಿಗೆ ಇಸ್ತ್ರಿ ಸೋಕಿಸಬೇಡಿ, ಕರಗುತ್ತದೆ. ಒಲೆಯ ಮೇಲೆ ನೇತುಹಾಕುವ ರೂಢಿಯೂ ಬೇಡ. ಹೊಗೆಯ ಕಣಗಳನ್ನು ಗವಸು ಅಲ್ಲಿಯೇ ಸೋಸತೊಡಗುತ್ತದೆ.

ಎಲ್ಲಿ, ಹೇಗೆ ಇಡುವುದು

ತಲಾ ಎರಡು ಬಟ್ಟೆಗವಸು ಕನಿಷ್ಠ. ದಿನವೂ ಹೊರಗೆ ಓಡಾಡುವವರಿಗೆ ನಾಲ್ಕೈದು. ಅಂಚಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಹೊಲಿದರೆ ಯಾರದು ಯಾರದೆಂಬ ಗೊಂದಲವಿಲ್ಲ. ತೊಟ್ಟು ಬಂದದ್ದು ಬಚ್ಚಲಿನ ಬಳಿಯ ಮುಚ್ಚಳದ ಬಕೆಟಿಗೆ, ತೊಳೆದದ್ದು ಒಳಗಿನ ಬೀರುವಿಗೆ. ಇವೆರಡರ ದಾರಿ ಎಲ್ಲಿಯೂ ಸೇರಬಾರದು; ಬಾಗಿಲ ಹಿಂದಿನ ಮೊಳೆಯ ತೊಂದರೆ ಇದೇ. ಒಣಗಿದ ಬಟ್ಟೆಗವಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬಹುದು. ಬಳಸಿದ್ದನ್ನು ಹಾಗೆ ಮುಚ್ಚಿದರೆ ಉಸಿರಿನ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ.

ಕಿವಿಯ ಎಲಾಸ್ಟಿಕ್ಕನ್ನು ಜನ ಮರೆಯುತ್ತಾರೆ. ಸ್ಕೂಟರಿನ ಕನ್ನಡಿಗೆ ತೂಗುಬಿಟ್ಟರೆ, ಒದ್ದೆ ಗವಸನ್ನು ಅದರಿಂದಲೇ ನೇತುಹಾಕಿದರೆ, ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದರೆ ಅದು ಸ್ಥಿತಿಸ್ಥಾಪಕತೆಯನ್ನು ಕಳೆದುಕೊಳ್ಳುತ್ತದೆ. ಕ್ಲಿಪ್ಪು ಹಾಕಬೇಕಾದದ್ದು ಬಟ್ಟೆಯ ಅಂಚಿಗೆ. ಮೂಗಿನ ಮೇಲಿನ ತಂತಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿದರೆ ಲೋಹ ದಣಿದು ತುಂಡಾಗುತ್ತದೆ. ಮಡಿಸುವಾಗ ತಂತಿಯನ್ನು ಬಿಟ್ಟು ಮಡಿಸಿ. ಕಟ್ಟುವ ಲಾಡಿಯ ಗವಸಿಗೆ ಎಲಾಸ್ಟಿಕ್ಕಿನ ತಾಪತ್ರಯವಿಲ್ಲ, ಹೊಲಿಯುವುದೂ ಸುಲಭ.

ತೊಳೆದ ಗವಸನ್ನು ಮತ್ತೆ ತೊಡುವ ಮೊದಲು ಬೆಳಕಿಗೆ ಹಿಡಿಯಿರಿ, ಹಳೆಯ ನೆನಪಿಗಿಂತ ಬೆಳಕು ಹೆಚ್ಚು ತೂರುತ್ತಿದೆಯೇ ನೋಡಿ. ತೊಟ್ಟು ಜೋರಾಗಿ ಉಸಿರು ಬಿಡಿ. ಗಾಳಿ ಕಣ್ಣಿಗೆ ಹೊಡೆದರೆ, ಕನ್ನಡಕ ಮಂಜಾದರೆ ಅಂಚಿನಲ್ಲಿ ಸಂದಿಯಿದೆ. ತಂತಿಯನ್ನು ಒತ್ತಿ, ಎಲಾಸ್ಟಿಕ್ಕಿಗೆ ಗಂಟು ಹಾಕಿ ಸರಿಯಾಗದಿದ್ದರೆ ಆ ಗವಸು ಕಿಟಕಿ ಒರೆಸಲು ಆದೀತು.