ಜರ್ಮನ್ ರಾಜಕುಮಾರಿಯರು: ಕಥೆಯೇ ಬೇರೆ, ಬದುಕೇ ಬೇರೆ

ರಾಜಕುಮಾರಿ ಎಂದ ಕೂಡಲೇ ಅರಮನೆ, ಆಭರಣ, ಆಳುಕಾಳು ಕಣ್ಣಿಗೆ ಕಟ್ಟುತ್ತವೆ. 18ನೇ ಶತಮಾನದ ಬಹಳಷ್ಟು ಜರ್ಮನ್ ರಾಜಕುಮಾರಿಯರ ಮಟ್ಟಿಗೆ ಇದು ನಿಜವಲ್ಲ. ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದ ಹೆಸರಿನಡಿ ಸುಮಾರು 300 ಸಂಸ್ಥಾನಗಳಿದ್ದವು. ಹಲವಕ್ಕೆ ವಂಶದ ಹೆಸರು ದೊಡ್ಡದು, ಬೊಕ್ಕಸ ಚಿಕ್ಕದು. ರಷ್ಯಾವನ್ನು ಆಳಿದ ಎರಡನೇ ಕ್ಯಾಥರೀನ್ ಅಂಥದೊಂದು ಮನೆತನದ ಸೋಫಿ. ತಂದೆ ಪ್ರಷ್ಯಾದ ಸೈನ್ಯದಲ್ಲಿ ಜನರಲ್. 1744ರಲ್ಲಿ, 14ರ ಹರೆಯದಲ್ಲಿ ರಷ್ಯಾಕ್ಕೆ ಹೊರಟಾಗ ತನ್ನ ಬಳಿ ಇದ್ದದ್ದು ಮೂರು-ನಾಲ್ಕು ಉಡುಪು ಮಾತ್ರ ಎಂದು ಆಕೆಯೇ ಬರೆದಿಟ್ಟಿದ್ದಾಳೆ.

ಹಾಗಾದರೆ ದೊಡ್ಡ ದೊಡ್ಡ ದೊರೆಗಳು ಇಂಥ ಮನೆಗಳಿಗೆ ಹೆಣ್ಣು ಕೇಳಿ ಬಂದದ್ದೇಕೆ? ರೂಪಕ್ಕೆ ಮರುಳಾಗಿ ಎನ್ನುವುದು ಕಥೆಗಾರರ ಮಾತು. ಅವರಿಗೆ ಬೇಕಿದ್ದದ್ದು ಸಮಾನ ಕುಲ ಮತ್ತು ಹೊಂದುವ ಧರ್ಮ. ಕ್ಯಾಥೊಲಿಕರನ್ನು ಮದುವೆಯಾದವರಿಗೆ ಸಿಂಹಾಸನವಿಲ್ಲ ಎಂದು ಇಂಗ್ಲೆಂಡ್ 1701ರಲ್ಲಿ ಕಾನೂನು ಮಾಡಿತು. ಅರಸು ವಂಶದ ಪ್ರಾಟೆಸ್ಟೆಂಟ್ ಹೆಣ್ಣುಗಳು ಹೇರಳವಾಗಿದ್ದದ್ದು ಜರ್ಮನ್ ಸಂಸ್ಥಾನಗಳಲ್ಲೇ. ಮೂರನೇ ಜಾರ್ಜ್ ತನ್ನ ರಾಣಿ ಶಾರ್ಲೆಟ್‌ಳ ಮುಖವನ್ನು ಮೊದಲು ಕಂಡದ್ದು 1761ರ ಸೆಪ್ಟೆಂಬರ್ 8ರಂದು. ಅಂದು ರಾತ್ರಿಯೇ ಮದುವೆ.

ಇಂಥ ಸಂಬಂಧಗಳು ದೇಶಗಳ ನಡುವೆ ಶಾಂತಿ ತಂದವು ಎಂದು ನಂಬುವವರು ಲಿಸೆಲೊಟ್‌ಳ ಬದುಕನ್ನು ನೋಡಬೇಕು. ಹೈಡೆಲ್‌ಬರ್ಗಿನ ಈ ಹುಡುಗಿಯನ್ನು 1671ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ತಮ್ಮ ಫಿಲಿಪ್‌ಗೆ ಕೊಟ್ಟರು. ಗಡಿಯಾಚೆಯ ಬಲಿಷ್ಠ ದೊರೆಯ ಜೊತೆ ನಂಟು ಬೆಳೆದರೆ ತನ್ನ ನಾಡು ಉಳಿದೀತೆಂಬುದು ತಂದೆಯ ಆಸೆ. ಅದಕ್ಕಾಗಿ ಮಗಳು ಧರ್ಮವನ್ನೂ ಬದಲಿಸಿದಳು. 1685ರಲ್ಲಿ ಆಕೆಯ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡ. ತಮ್ಮನ ಹೆಂಡತಿಗೆ ತವರಿನ ಆಸ್ತಿಯಲ್ಲಿ ಪಾಲಿದೆ ಎಂದು ಲೂಯಿ ಹಕ್ಕು ಹೂಡಿದ. 1688ರಲ್ಲಿ ಸೈನ್ಯ ನುಗ್ಗಿತು. ಮರುವರ್ಷ ಹೈಡೆಲ್‌ಬರ್ಗ್, ಮ್ಯಾನ್‌ಹೈಮ್ ಊರುಗಳಿಗೆ ಬೆಂಕಿ ಬಿತ್ತು. ಎಲ್ಲವೂ ಆಕೆಯ ಹೆಸರಿನಲ್ಲಿ! ಆಕೆಯಾದರೋ ಅದೇ ಲೂಯಿಯ ಅರಮನೆಯಲ್ಲಿದ್ದಳು. ಕಣ್ಣು ಮುಚ್ಚಿದರೆ ಹಾಳಾದ ಊರೇ ಕಾಣುತ್ತದೆ, ನನ್ನ ಹೆಸರನ್ನೇ ನೆಪ ಮಾಡಿಕೊಂಡರಲ್ಲ ಎಂದು ಪತ್ರಗಳಲ್ಲಿ ಅತ್ತಿದ್ದಾಳೆ. ಆಕೆಯ ಸಾವಿರಾರು ಪತ್ರಗಳು ಇಂದಿಗೂ ಉಳಿದಿವೆ. ಅರಸು ಮದುವೆಗಳ ಬಗ್ಗೆ ಇವಕ್ಕಿಂತ ನಂಬಲರ್ಹ ಸಾಕ್ಷಿ ನನಗೆ ಕಂಡಿಲ್ಲ.

ಈ ಹೆಣ್ಣುಗಳಿಗೆ ಬಾಯಿಯೇ ಇರಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಆನ್ಸ್‌ಬಾಖ್‌ನ ಕೆರೊಲಿನ್ ತಂದೆತಾಯಿಯಿಲ್ಲದ ಹುಡುಗಿ. ಮುಂದೆ ಸಾಮ್ರಾಟನಾದ ಆಸ್ಟ್ರಿಯಾದ ಚಾರ್ಲ್ಸ್‌ನ ಸಂಬಂಧ ಬಂದಾಗ, ಕ್ಯಾಥೊಲಿಕ್ ಆಗಲಾರೆನೆಂದು ಬೇಡ ಎಂದುಬಿಟ್ಟಳು. 1705ರಲ್ಲಿ ಹ್ಯಾನೋವರ್ ಮನೆಗೆ ಸೊಸೆಯಾಗಿ, 1727ರಲ್ಲಿ ಬ್ರಿಟನ್ನಿನ ರಾಣಿಯಾದಳು. ಸಿಡುಬಿನ ವಿರುದ್ಧ ಚುಚ್ಚಿಸಿಕೊಳ್ಳಲು ಜನ ಹೆದರುತ್ತಿದ್ದ ಕಾಲದಲ್ಲಿ, 1722ರಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೇ ಅದನ್ನು ಮಾಡಿಸಿದಳು.

ಆದರೆ ಅದೇ ಮನೆಯ ಅತ್ತೆ ಸೋಫಿಯಾ ಡೊರೊಥಿಯಾಳ ಪಾಡು ನೋಡಿ. ದೊರೆಯ ಕೈಹಿಡಿದವಳು ರಾಣಿಯಾಗಲೇಬೇಕು ಎಂಬ ನಂಬಿಕೆ ಆಕೆಯ ವಿಷಯದಲ್ಲಿ ಸುಳ್ಳಾಯಿತು. ಗಂಡ ರಾಜಾರೋಷವಾಗಿ ಪ್ರೇಯಸಿಯನ್ನು ಇಟ್ಟುಕೊಂಡಿದ್ದ. ಆಕೆಯೂ ಬೇರೊಬ್ಬನನ್ನು ಪ್ರೀತಿಸಿದಾಗ ಶಿಕ್ಷೆ ಆಕೆಗಷ್ಟೇ. 1694ರಲ್ಲಿ ವಿಚ್ಛೇದನವಾಯಿತು. ಆಲ್ಡೆನ್ ಎಂಬ ಹಳ್ಳಿಯ ಮನೆಯಲ್ಲಿ ಕಾವಲಿಟ್ಟು ಕೂಡಿಹಾಕಿದರು, ಮಕ್ಕಳಿಬ್ಬರ ಮುಖ ನೋಡಲೂ ಬಿಡಲಿಲ್ಲ. 1714ರಲ್ಲಿ ಗಂಡ ಒಂದನೇ ಜಾರ್ಜ್ ಎಂದು ಬ್ರಿಟನ್ನಿನ ಪಟ್ಟವೇರಿದ. ಕಾವಲು ಸಡಿಲವಾಗಲಿಲ್ಲ. 30 ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು 1726ರಲ್ಲಿ ಆಕೆ ಅಲ್ಲಿಯೇ ಸತ್ತಳು.