ಕಡಲ ಬಂದರಿನಿಂದ ಕಾವೇರಿಯ ದಡಕ್ಕೆ

ಆತಗೂರಿನ ನಮಗೆ ಕಡಲು ದೂರ. ಆದರೂ ಮಂಗಳೂರು ಬಂದರಿನ ಚರಿತ್ರೆಯ ಅತ್ಯಂತ ದುಃಖಕರ ಅಧ್ಯಾಯವೊಂದು ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ನಡೆಯಿತೆಂಬುದನ್ನು ನಮ್ಮ ಮಕ್ಕಳು ಬಲ್ಲರೇ?

ನೇತ್ರಾವತಿ, ಗುರುಪುರ ನದಿಗಳು ಸಮುದ್ರವನ್ನು ಸೇರುವ ಅಳಿವೆಯ ಬಳಿ ಬೆಳೆದ ಊರು ಮಂಗಳೂರು. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಅಲ್ಲಿ ನೆಲೆಸಿ, ಏಡನ್ ಪಟ್ಟಣದೊಡನೆ ಮೆಣಸು, ಅಡಿಕೆಗಳ ವ್ಯಾಪಾರ ನಡೆಸಿದನು. 1568ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು; ಜಪಸರ ಮಾತೆಯ ದೇವಾಲಯವೂ ಅದೇ ವರ್ಷದ್ದು. ಮುಂದೆ ಗೋವೆಯಿಂದ ವಲಸೆ ಬಂದ ಕೊಂಕಣಿ ಮಾತಿನ ಕಥೋಲಿಕರಿಗೆ ಕೆಳದಿಯ ಅರಸರು ಉಳಲು ಭೂಮಿಯಿತ್ತರು. ತುಳು, ಕೊಂಕಣಿ, ಬ್ಯಾರಿ, ಕನ್ನಡ ನುಡಿಗಳು ಒಂದೇ ಪೇಟೆಯಲ್ಲಿ ಬೆರೆತವು.

1784ರಲ್ಲಿ, ತಪಸ್ಸುಕಾಲದ ಆರಂಭದ ವಿಭೂತಿ ಬುಧವಾರದ ಸುಮಾರಿಗೆ, ಈ ಬಾಳು ಕದಡಿತು. ಇಂಗ್ಲಿಷರೊಡನೆ ಯುದ್ಧದಲ್ಲಿದ್ದ ಟಿಪ್ಪು ಸುಲ್ತಾನನು, ಕಥೋಲಿಕರು ಶತ್ರುಗಳಿಗೆ ನೆರವಾದರೆಂದು ಬಗೆದು ಅವರನ್ನು ಸೆರೆಹಿಡಿಸಿದನು. 1680ರಲ್ಲಿ ಸ್ಥಾಪಿತವಾದ ಮಿಲಾಗ್ರಿಸ್ ದೇವಾಲಯವೂ ಸೇರಿದಂತೆ ಹಲವು ಆಲಯಗಳು ನೆಲಸಮವಾದವು. ಹತ್ತಾರು ಸಾವಿರ ಮಂದಿ, ಹಸುಗೂಸುಗಳೊಡನೆ, ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಬಂದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಜನ ಮಡಿದರು. 1799ರ ಮೇ 4ರಂದು ಕೋಟೆ ಬಿದ್ದಾಗ, 15 ವರ್ಷಗಳ ಸೆರೆ ಮುಗಿಯಿತು. ಅಳಿದುಳಿದವರಲ್ಲಿ ಅನೇಕರು ಪುನಃ ಕಡಲತೀರಕ್ಕೆ ನಡೆದರು.

ಹಿಂದಿರುಗಿದವರು ಮಾಡಿದ್ದೇನು? ಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು. 1880ರಲ್ಲಿ ಅದೇ ಊರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಹುಟ್ಟಿತು. ಅದೇ ವರ್ಷ ಜರ್ಮನಿಯ ಯೇಸುಸಭೆಯ ಗುರು ಮುಲ್ಲರ್ ಅವರು ಬಡವರಿಗೆ ಹೋಮಿಯೋಪತಿ ಔಷಧ ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಆ ಕಾಲೇಜಿನ ಬಾಗಿಲಲ್ಲಾಗಲಿ, ಆ ಆಸ್ಪತ್ರೆಯ ಬಾಗಿಲಲ್ಲಾಗಲಿ ಯಾರ ಜಾತಿಮತವನ್ನೂ ಕೇಳಲಿಲ್ಲ. ನೊಂದ ಜನಾಂಗವೊಂದು ಕೊಡಬಹುದಾದ ಉತ್ತರ ಇದಕ್ಕಿಂತ ದೊಡ್ಡದಿರಲಾರದು.

ಸಂತ ಅಗಸ್ಟೀನರು ಸ್ಮರಣೆಯನ್ನು ವಿಶಾಲವಾದ ಅರಮನೆಗೆ ಹೋಲಿಸಿದ್ದಾರೆ. ಆ ಅರಮನೆಯಲ್ಲಿ ಗಾಯಕ್ಕೂ ಸ್ಥಳವಿದೆ, ಹಗೆಗೂ ಸ್ಥಳವಿದೆ; ಯಾವುದನ್ನು ಒಳಗಿರಿಸಬೇಕೆಂಬುದು ನಮ್ಮ ಆಯ್ಕೆ. ಅರಸನ ಯುದ್ಧನೀತಿಯ ಹೊಣೆಯನ್ನು ಇಂದು ನಮ್ಮ ಬೀದಿಯಲ್ಲಿ ಬಾಳುವ ಮುಸಲ್ಮಾನ ನೆರೆಯವನ ಮೇಲೆ ಹೊರಿಸುವುದು ನ್ಯಾಯವಲ್ಲ. ಆ ಸೆರೆಯನ್ನೇ ಮರೆತುಬಿಡುವುದು ಮಡಿದವರಿಗೆ ಗೌರವವೂ ಅಲ್ಲ.

ಪ್ರಿಯ ಬಾಂಧವರೇ, ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ, ಕೋಟೆ ತೋರಿಸಿ ಮರಳುವ ಮುನ್ನ, ಕಾವೇರಿಯ ದಡದಲ್ಲಿ ಮಕ್ಕಳಿಗೆ ಈ ಕಥೆ ಹೇಳೋಣ. ಮಡಿದವರಿಗಾಗಿ ಒಂದು ಪರಲೋಕ ಮಂತ್ರ ಜಪಿಸೋಣ. ನಮ್ಮ ತಪ್ಪುಗಳನ್ನು ಕ್ಷಮಿಸೆಂದು ಬೇಡುವಲ್ಲಿ ಒಂದು ಕ್ಷಣ ನಿಂತು ಯೋಚಿಸೋಣ.